ಓದುಗರ ಪ್ರಶ್ನೆ: ‘ಇನ್‌ಸೈಡ್’ ಆಟಕ್ಕೆ ಇಷ್ಟೊಂದು ಹೊಗಳಿಕೆ ಏಕೆ?

ಪ್ರಶ್ನೆ: ವಿಮರ್ಶಕರು ಕೊಂಡಾಡಿದ್ದನ್ನು ಓದಿ ‘ಇನ್‌ಸೈಡ್’ ಎಂಬ ವಿಡಿಯೊ ಗೇಮನ್ನು ಆಡಿದೆ. ಒಂದೇ ಸಂಜೆಯಲ್ಲಿ ಮುಗಿಯಿತು, ಕೊನೆಗೆ ಏನಾಯಿತೆಂದೇ ತಿಳಿಯಲಿಲ್ಲ. ಹೊಗಳಿಕೆ ಅತಿಯಾಯಿತಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ದೂರುಗಳೆರಡೂ ಹೊಸವಲ್ಲ, ಆಟವನ್ನು ಮೆಚ್ಚಿದವರಲ್ಲಿಯೂ ಕೆಲವರು ಅವನ್ನೇ ಎತ್ತಿದ್ದರು. ಕೋಪನ್‌ಹೇಗನ್ನಿನ ಪ್ಲೇಡೆಡ್ ಸಂಸ್ಥೆ ತನ್ನ ಮೊದಲ ಆಟವಾದ ‘ಲಿಂಬೊ’ ಬಂದ ಆರು ವರ್ಷಗಳ ನಂತರ, 2016ರಲ್ಲಿ ಹೊರತಂದ ಈ ಆಟ ಮೂರು-ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ, ಮತ್ತು ಅದರಲ್ಲಿ ಯಾವ ಪಾತ್ರವೂ ಒಂದು ಮಾತನ್ನೂ ಆಡುವುದಿಲ್ಲ. ಹಾಗಿದ್ದೂ 2017ರ ಬಾಫ್ಟಾದಲ್ಲಿ (ಬ್ರಿಟನ್ನಿನ ವಿಡಿಯೊ ಗೇಮ್ ಪ್ರಶಸ್ತಿ ಸಮಾರಂಭ) ಅದು ಗೆದ್ದ ನಾಲ್ಕು ಪ್ರಶಸ್ತಿಗಳಲ್ಲಿ ಒಂದು ಕಥನಕ್ಕೆ ಸಂದಿತು.

ಅದು ಏಕೆಂದು ತಿಳಿಯಲು ಒಂದು ದೃಶ್ಯ ಸಾಕು. ತಲೆತಗ್ಗಿಸಿದ ಜನರ ಸಾಲೊಂದು ಕಾವಲುಗಾರರ ಎದುರು ಸಾಗುತ್ತಿರುತ್ತದೆ. ನಾವು ಆಡಿಸುವ ಪಾತ್ರವಾದ ಹುಡುಗ ಆ ಸಾಲಿನೊಳಗೆ ಸೇರಿಕೊಂಡು, ಅವರು ನಡೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು, ಜಿಗಿದರೆ ಜಿಗಿಯಬೇಕು. ಒಂದು ಹೆಜ್ಜೆ ತಪ್ಪಿದರೂ ಸಿಕ್ಕಿಬೀಳುತ್ತಾನೆ. ದಬ್ಬಾಳಿಕೆಯ ಕುರಿತು ಭಾಷಣ ಮಾಡದೆ, ವಿಧೇಯತೆ ಎಂದರೇನೆಂಬುದನ್ನು ಆಟಗಾರನ ಹೆಬ್ಬೆರಳಿಗೇ ಕಲಿಸುವ ಈ ಬಗೆಯನ್ನು ನಾನು ಮೇಲ್ದರ್ಜೆಯ ಕಥನವೆಂದೇ ಎಣಿಸುತ್ತೇನೆ. ಮುಂದೆ ಅದೇ ಹುಡುಗ ಶಿರಸ್ತ್ರಾಣವೊಂದನ್ನು ತೊಟ್ಟು ಆ ನಿಶ್ಚೇಷ್ಟ ಜನರನ್ನು ತಾನೇ ಕುಣಿಸತೊಡಗಿದಾಗ ಮನಸ್ಸಿಗೆ ಮುಜುಗರವಾಗುತ್ತದೆ. ಧ್ವನಿಗೂ ಮೆಚ್ಚುಗೆಯಲ್ಲಿ ಪಾಲಿದೆ: ಆಟದ ಧ್ವನಿ ವಿನ್ಯಾಸಕ ಮಾರ್ಟಿನ್ ಸ್ಟಿಗ್ ಆಂಡರ್ಸನ್ ಧ್ವನಿಗಳನ್ನು ನಿಜವಾದ ಮನುಷ್ಯ ತಲೆಬುರುಡೆಯ ಮೂಲಕ ಹಾಯಿಸಿ ಮುದ್ರಿಸಿಕೊಂಡರು.

ಆಟದ ಒಗಟುಗಳು ಸುಲಭ ಎಂಬ ಇತರರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪೆಟ್ಟಿಗೆ ತಳ್ಳುವುದು, ಸನ್ನೆಕೋಲು ಎಳೆಯುವುದು, ನೀರಿನ ಮಟ್ಟ ಬದಲಿಸುವುದು ಇವೆಲ್ಲ ಓಟಕ್ಕೆ ಅಡ್ಡಿಯಾಗದಂತೆ ಜೋಡಿಸಿದವು. ತಲೆ ಕೆರೆದುಕೊಳ್ಳುವ ಸುಖ ಬೇಕೆನ್ನುವವರಿಗೆ ನಿರಾಸೆ ಖಂಡಿತ. ‘ಲಿಂಬೊ’ದ ಅಚ್ಚೇ ಇಲ್ಲಿಯೂ ಇದೆ ಎಂಬ ಮಾತಿನಲ್ಲಿಯೂ ಹುರುಳಿದೆ. ಅವಧಿಯ ದೂರು ಮಾತ್ರ ನನಗೆ ಹಿಡಿಸದು: ಇದೇ ವಸ್ತುವನ್ನು ಹತ್ತು ಗಂಟೆ ಹಿಗ್ಗಿಸಿದ್ದರೆ ಭಯವೆಲ್ಲ ಸವೆದುಹೋಗುತ್ತಿತ್ತು.

ಇನ್ನು ಕೊನೆಯ ಮಾತು. (ಆಡದವರು ಇಲ್ಲಿಗೇ ನಿಲ್ಲಿಸುವುದು ಲೇಸು.) ಕೈಕಾಲುಗಳು ಚಾಚಿಕೊಂಡ ಮಾಂಸದ ಮುದ್ದೆಯೊಂದು ಹುಡುಗನನ್ನು ನುಂಗಿ, ತನ್ನನ್ನು ಇರಿಸಿದ್ದ ಪ್ರಯೋಗಾಲಯದ ಕಟ್ಟಡವನ್ನು ಒಡೆದುಕೊಂಡು ಹೊರಬಿದ್ದು, ಬಿಸಿಲು ಬಿದ್ದ ದಡದಲ್ಲಿ ಮಿಸುಕಾಡದೆ ಬಿದ್ದಿರುತ್ತದೆ. ಇದನ್ನು ಬಿಡುಗಡೆಯೆಂದು ಓದಿದವರೂ ಇದ್ದಾರೆ. ಆದರೆ ಅದೇ ದಡದ ಪುಟ್ಟ ಮಾದರಿಯೊಂದು ಪ್ರಯೋಗಾಲಯದೊಳಗೇ ಇರುವುದನ್ನು ನೋಡಿದರೆ ಈ ಪರಾರಿಯೂ ಪೂರ್ವಯೋಜಿತವೇ ಎಂಬ ಅನುಮಾನ ಹುಟ್ಟುತ್ತದೆ. ಇಷ್ಟಕ್ಕೇ ಬಿಟ್ಟಿದ್ದರೆ ಅಸ್ಪಷ್ಟತೆಯನ್ನೇ ಆಳವೆಂದು ಮಾರಿದ್ದಾರೆಂಬ ಟೀಕೆಯನ್ನು ನಾನೂ ಅನುಮೋದಿಸುತ್ತಿದ್ದೆ. ಬಿಟ್ಟಿಲ್ಲ. ದಾರಿಯುದ್ದಕ್ಕೂ ಅಡಗಿರುವ ಗೋಳಗಳನ್ನೆಲ್ಲ ಕೆಡಿಸಿದರೆ ಜೋಳದ ಹೊಲದ ಅಡಿಯ ನೆಲಮಾಳಿಗೆಯಲ್ಲಿ ಇನ್ನೊಂದು ಅಂತ್ಯ ತೆರೆದುಕೊಳ್ಳುತ್ತದೆ. ಅಲ್ಲಿ ಹುಡುಗ ಪ್ಲಗ್ ಒಂದನ್ನು ಕಿತ್ತೊಡನೆ, ಆ ಸಾಲಿನ ಜನರಂತೆಯೇ ತಲೆ ಜೋತುಬಿಟ್ಟು ನಿಂತುಬಿಡುತ್ತಾನೆ. ಅವನನ್ನು ಅಷ್ಟು ಹೊತ್ತು ಆಡಿಸಿದವರು ಯಾರು? ಆಟದ ನಿಯಂತ್ರಕ (ಕಂಟ್ರೋಲರ್) ಹಿಡಿದಿದ್ದವರು ನೀವೇ ತಾನೆ! ಹಳೆಯ ಹಂತಗಳನ್ನು ಮೆನುವಿನಿಂದಲೇ ಮತ್ತೆ ತೆರೆಯಬಹುದಾದ್ದರಿಂದ, ಆ ಗೋಳಗಳಿಗಾಗಿ ಇನ್ನೊಂದು ಸಂಜೆ ಮೀಸಲಿಟ್ಟು ನೋಡಿ.