‘ಚಳಿಗೆ ಹೆಪ್ಪುಗಟ್ಟುವ ರಕ್ತ’: ನಿಮ್ಮ ಲೇಖನವನ್ನು ಹಿಂದಿರುಗಿಸುತ್ತ

ಮಾನ್ಯರೇ,

ತಣ್ಣಗಾದಾಗ ಗಸಿಯಾಗುವ ಪ್ರತಿಕಾಯಗಳಾದ ಕ್ರಯೋಗ್ಲಾಬ್ಯುಲಿನ್‌ಗಳ ಕುರಿತು ನೀವು ಕಳುಹಿಸಿದ ‘ಚಳಿಗೆ ಹೆಪ್ಪುಗಟ್ಟುವ ರಕ್ತ’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆಯೂ ತೊಡಕಿಲ್ಲದೆ ಓದಿಸಿಕೊಳ್ಳುತ್ತದೆ. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೀವು ಚಳಿಯನ್ನೇ ಅಪರಾಧಿಯಾಗಿ ನಿಲ್ಲಿಸಿದ್ದೀರಿ, ಲೇಖನ ಕುಸಿಯುವುದು ಅಲ್ಲಿಯೇ.

ಶೀರ್ಷಿಕೆಯನ್ನೇ ನೋಡಿ. ರಕ್ತ ಹೆಪ್ಪುಗಟ್ಟುವುದೆಂದರೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆದು ರಕ್ತಕಣಗಳನ್ನು ಹಿಡಿದಿಡುವುದು. ಆ ಹೆಪ್ಪನ್ನು ಎಷ್ಟು ಬೆಚ್ಚಗಿಟ್ಟರೂ ಅದು ಕರಗಿ ಮೊದಲಿನ ರಕ್ತವಾಗುವುದಿಲ್ಲ. ನೀವು ಹೇಳಹೊರಟಿರುವುದು ಹೆಪ್ಪನ್ನು ಬೇರ್ಪಡಿಸಿದ ಮೇಲೆ ಉಳಿಯುವ ಸೀರಂನಲ್ಲಿರುವ ಪ್ರತಿಕಾಯಗಳ ಸಂಗತಿಯನ್ನು: ಅವು 37 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಗಸಿಯಾಗಿ ತಳಕ್ಕಿಳಿಯುತ್ತವೆ, ಮತ್ತೆ ಬೆಚ್ಚಗಾದಾಗ ಕರಗುತ್ತವೆ. ‘ಗಸಿ’ ಎಂಬ ಹಳೆಯ ಮಾತು ನಮ್ಮಲ್ಲಿರುವಾಗ ‘ಹೆಪ್ಪು’ ಏಕೆ ಬೇಕಾಯಿತೋ ತಿಳಿಯಲಿಲ್ಲ. ಮೂರನೆಯ ಪುಟದಲ್ಲಿ ಕೋಲ್ಡ್ ಅಗ್ಲುಟಿನಿನ್‌ಗಳನ್ನೂ ಇದೇ ಗುಂಪಿಗೆ ಸೇರಿಸಿದ್ದೀರಿ. ಅವು ತಂಪಿನಲ್ಲಿ ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಕಣಗಳನ್ನು ಗುಂಪುಗೂಡಿಸಿ ಒಡೆಯುವಂತೆ ಮಾಡುವ ಪ್ರತಿಕಾಯಗಳು. ತಾವೇ ಗಸಿಯಾಗುವುದು ಅವುಗಳ ಲಕ್ಷಣವಲ್ಲ. ಆ ಪರಿಚ್ಛೇದವನ್ನು ಪೂರ್ತಿ ತೆಗೆದುಬಿಡಿ.

ಇನ್ನು ಮುಖ್ಯ ಪ್ರಶ್ನೆ. ಚಳಿಯಿಂದಲೇ ಎಲ್ಲವೂ ನಡೆಯುವುದಾದರೆ ಮೂತ್ರಪಿಂಡ ಏಕೆ ಕೆಡುತ್ತದೆ? ಹೊಟ್ಟೆಯೊಳಗೆ ಬೆಚ್ಚಗೆ ಕುಳಿತ ಆ ಅಂಗಕ್ಕೆ ಚಳಿ ತಟ್ಟುವುದೇ ಇಲ್ಲ. ಅದರ ಸೋಸುವ ಗುಚ್ಛಗಳು ಉರಿಯೂತಕ್ಕೆ ಒಳಗಾಗುತ್ತವೆಂದು ನೀವೇ ಐದನೆಯ ಪುಟದಲ್ಲಿ ಬರೆದಿದ್ದೀರಿ, ಆದರೆ ಮೊದಲ ಪುಟದ ವಿವರಣೆಗೂ ಈ ಮಾತಿಗೂ ಹೊಂದುವುದಿಲ್ಲವೆಂಬುದನ್ನು ಗಮನಿಸದೆ ಮುಂದೆ ಸಾಗಿದ್ದೀರಿ. ಉತ್ತರವಿರುವುದು ನೀವು ಕೋಷ್ಟಕವಾಗಿಸಿ ಕೈಬಿಟ್ಟ ವರ್ಗೀಕರಣದಲ್ಲಿ. ಬ್ರೂಯೆ ಮತ್ತು ಸಂಗಡಿಗರು 1974ರಲ್ಲಿ ಮಾಡಿದ ವಿಭಜನೆಯ ಪ್ರಕಾರ, ಮೊದಲನೆಯ ಬಗೆಯಲ್ಲಿ ಒಂದೇ ಕೋಶವಂಶದಿಂದ ಹುಟ್ಟಿದ ಒಂದೇ ಪ್ರತಿಕಾಯವಿರುತ್ತದೆ. ಪ್ರತಿಕಾಯ ತಯಾರಿಸುವ ಕೋಶಗಳ ಕ್ಯಾನ್ಸರ್‌ಗಳಾದ ಮೈಲೋಮಾ, ವಾಲ್ಡನ್‌ಸ್ಟ್ರೋಮ್ ಕಾಯಿಲೆಗಳ ಹಿನ್ನೆಲೆಯಲ್ಲಿ ಕಾಣುವುದು ಇದು. ಇಲ್ಲಿ ಸಣ್ಣ ನಾಳಗಳು ಕಟ್ಟಿಕೊಂಡು ಬೆರಳು, ಕಿವಿ, ಮೂಗಿನ ತುದಿ ನೀಲಿಗಟ್ಟುವುದರಲ್ಲಿ, ಒಮ್ಮೊಮ್ಮೆ ಬೆರಳ ತುದಿ ಕೊಳೆಯುವುದರಲ್ಲಿ ಚಳಿಯ ಪಾತ್ರ ನಿಜವಾಗಿಯೂ ಇದೆ. ಎರಡನೆಯ ಮತ್ತು ಮೂರನೆಯ ಬಗೆಗಳು ಮಿಶ್ರ ಜಾತಿಯವು: ಸಾಮಾನ್ಯವಾಗಿ ಐಜಿಎಂ ಎಂಬ ವರ್ಗದ ಪ್ರತಿಕಾಯವೊಂದು ಐಜಿಜಿ ಎಂಬ ಇನ್ನೊಂದು ವರ್ಗದ ಪ್ರತಿಕಾಯವನ್ನೇ ಹಗೆಯೆಂದು ಹಿಡಿದುಕೊಳ್ಳುತ್ತದೆ, ಹಾಗೆ ಹುಟ್ಟಿದ ಜೋಡಿಗಂಟುಗಳು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ತಂಗಿ, ಪ್ರತಿಕಾಯಗಳಿಗೆ ನೆರವಾಗುವ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳನ್ನು ಕೆರಳಿಸಿ ಉರಿಯೂತ ತರುತ್ತವೆ. ಸಿ4 ಎಂಬ ಕಾಂಪ್ಲಿಮೆಂಟ್ ಅಂಶ ಇಂಥ ರೋಗಿಗಳಲ್ಲಿ ಬಹಳ ಕಡಿಮೆಯಾಗಿರುವುದು ಇದೇ ಕಾರಣಕ್ಕೆ. ಈ ಬಗೆಗಳಲ್ಲಿ ತಂಪು ಹೆಚ್ಚಾಗಿ ಪ್ರಯೋಗಾಲಯದ ನಳಿಕೆಯಲ್ಲಿ ಗುಟ್ಟನ್ನು ಹೊರಹಾಕುವ ಸಾಕ್ಷಿಯಷ್ಟೆ. ದೇಹದೊಳಗಿನ ಹಾನಿಗೆ ಅದು ಅನಿವಾರ್ಯವಲ್ಲ.

ಇತಿಹಾಸದ ಭಾಗದಲ್ಲಿ ಒಂದು ತಪ್ಪು, ಒಂದು ದೊಡ್ಡ ನಷ್ಟ. ತಪ್ಪು ಸಣ್ಣದು, ಕಂಡವರನ್ನೂ ಹೆಸರಿಟ್ಟವರನ್ನೂ ಬೆರೆಸಿದ್ದೀರಿ: 1933ರಲ್ಲಿ ವಿಂಟ್ರೋಬ್ ಮತ್ತು ಬ್ಯುಯೆಲ್ ಮೈಲೋಮಾ ರೋಗಿಯೊಬ್ಬರಲ್ಲಿ ಈ ವಿದ್ಯಮಾನವನ್ನು ವರ್ಣಿಸಿದರು, ‘ಕ್ರಯೋಗ್ಲಾಬ್ಯುಲಿನ್’ ಎಂಬ ಹೆಸರನ್ನು ಕೊಟ್ಟವರು 1947ರಲ್ಲಿ ಲರ್ನರ್ ಮತ್ತು ವಾಟ್ಸನ್. ನಷ್ಟವೆಂದರೆ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಕಥೆಯನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿರುವುದು. 1966ರಲ್ಲಿ ಮೆಲ್ಟ್ಜರ್ ಮತ್ತು ಫ್ರಾಂಕ್ಲಿನ್ ಕಾಲಿನ ಮೇಲಿನ ನೇರಳೆ ಕಲೆಗಳು, ಕೀಲುನೋವು, ಬಳಲಿಕೆ ಎಂಬ ಮೂರು ಲಕ್ಷಣಗಳ ಕೂಟವನ್ನು ಮಿಶ್ರ ಕ್ರಯೋಗ್ಲಾಬ್ಯುಲಿನ್‌ಗಳೊಂದಿಗೆ ಜೋಡಿಸಿದ ಮೇಲೆ, ಎರಡು ದಶಕಕ್ಕೂ ಹೆಚ್ಚು ಕಾಲ ವೈದ್ಯರು ಬಹುಪಾಲು ರೋಗಿಗಳ ಮುಂದೆ ‘ಕಾರಣ ತಿಳಿಯದು’ ಎಂದೇ ಬರೆಯುತ್ತಿದ್ದರು. 1989ರಲ್ಲಿ ಹೆಪಟೈಟಿಸ್ ಸಿ ವೈರಾಣು ಪತ್ತೆಯಾಗಿ, ಅದರ ಪರೀಕ್ಷೆ ಕೈಗೆ ಬಂದಾಗ, ಕಾರಣ ತಿಳಿಯದವರೆಂದು ಕರೆಸಿಕೊಂಡವರಲ್ಲಿ ಹೆಚ್ಚಿನವರು ಆ ಸೋಂಕನ್ನು ಹೊತ್ತವರೆಂದು ಗೊತ್ತಾಯಿತು. ವರ್ಷಗಟ್ಟಲೆ ಉಳಿಯುವ ವೈರಾಣು ಪ್ರತಿಕಾಯಗಳ ಮೂಲವಾದ ಬಿ ಕೋಶಗಳನ್ನು ಬಿಡದೆ ಕೆಣಕುತ್ತಿರುವುದೇ ಮೂಲವೆಂದಾದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು: ಇಂದು ವೈರಾಣುವನ್ನು ನೇರವಾಗಿ ತಡೆಯುವ ಮಾತ್ರೆಗಳಿವೆ, ತೀವ್ರ ಉರಿಯೂತಕ್ಕೆ ಬಿ ಕೋಶಗಳನ್ನು ತಗ್ಗಿಸುವ ರಿಟಕ್ಸಿಮ್ಯಾಬ್ ಔಷಧವಿದೆ. ವೈರಾಣು ಹೋದ ಮೇಲೂ ಕೆಲವರಲ್ಲಿ ಗಸಿ ಉಳಿಯುತ್ತದೆಂಬುದನ್ನೂ ಹೇಳಿ. ದೇಹದ ರಕ್ಷಣಾ ವ್ಯವಸ್ಥೆಯೇ ದೇಹವನ್ನು ಕೆಡಿಸುವ, ಕ್ರಯೋಗ್ಲಾಬ್ಯುಲಿನ್‌ಗಳಿಗೂ ಕಾರಣವಾಗಬಲ್ಲ ಷೋಗ್ರೆನ್ ಕಾಯಿಲೆ, ಲೂಪಸ್‌ಗಳಿಗೆ ಒಂದೆರಡು ಸಾಲು ಸಾಕು. ಇಷ್ಟನ್ನು ಬಿಟ್ಟು ಉಣ್ಣೆಯ ಕಾಲುಚೀಲ, ಬಿಸಿನೀರಿನ ಸಲಹೆಗೆ ನೀವು ಅರ್ಧ ಪುಟ ಮೀಸಲಿಟ್ಟಿದ್ದೀರಿ. ಅದನ್ನು ಓದಿದ ಮೂತ್ರಪಿಂಡದ ರೋಗಿ ಕಾಲುಚೀಲ ಧರಿಸಿ ನೆಮ್ಮದಿಯಿಂದ ಕುಳಿತರೆ ಹೊಣೆ ಯಾರದು?

ಎಲ್ಲಕ್ಕಿಂತ ಅಪಾಯಕಾರಿಯಾದ ವಾಕ್ಯ ಕೊನೆಯ ಪುಟದಲ್ಲಿದೆ: ಮಾದರಿಯನ್ನು ‘ಮಂಜುಗಡ್ಡೆಯಲ್ಲಿಟ್ಟು’ ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂದಿದ್ದೀರಿ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಮೊದಲೇ ಬೆಚ್ಚಗೆ ಮಾಡಿದ ನಳಿಕೆಗೆ ರಕ್ತ ತೆಗೆದು, ಹೆಪ್ಪುಗಟ್ಟಿ ಸೀರಂ ಬೇರ್ಪಡುವವರೆಗೂ 37 ಡಿಗ್ರಿಯಲ್ಲೇ ಕಾಯಬೇಕು. ನಡುವೆ ತಣ್ಣಗಾದರೆ ಗಸಿ ಹೆಪ್ಪಿನ ಜೊತೆಯಲ್ಲೇ ಹೊರಟುಹೋಗಿ, ಕಾಯಿಲೆಯಿದ್ದವರಿಗೂ ಇಲ್ಲವೆಂಬ ವರದಿ ಬರುತ್ತದೆ. ಬೇರ್ಪಡಿಸಿದ ಸೀರಂ ಅನ್ನು ಮಾತ್ರ 4 ಡಿಗ್ರಿಯಲ್ಲಿಟ್ಟು ಕೆಲವು ದಿನ, ಸಾಮಾನ್ಯವಾಗಿ ಒಂದು ವಾರದವರೆಗೆ, ಗಮನಿಸಬೇಕು.

ಲೇಖನವನ್ನು ಆ ನಳಿಕೆಯಿಂದಲೇ ಆರಂಭಿಸಿ, ಮೂತ್ರಪಿಂಡದ ಪ್ರಶ್ನೆಯನ್ನು ಎರಡನೆಯ ಪರಿಚ್ಛೇದಕ್ಕೆ ತನ್ನಿ, ಕೋಷ್ಟಕವನ್ನು ಬಿಡಿಸಿ ವಾಕ್ಯಗಳಾಗಿ ಬರೆಯಿರಿ. ಚಿಕಿತ್ಸೆಯ ಭಾಗವನ್ನು ರಕ್ತರೋಗ ಅಥವಾ ಕೀಲುರೋಗ ತಜ್ಞರೊಬ್ಬರಿಗೆ ತೋರಿಸಿದ ನಂತರವೇ ಮರಳಿ ಕಳುಹಿಸಿ. ಹಿಮ ಬೀಳುವ ಬೆಟ್ಟದ ಚಿತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅದರ ಬದಲು ಒಂದೇ ಸೀರಂನ ಎರಡು ನಳಿಕೆಗಳು, ಒಂದು ತಿಳಿಯಾಗಿ, ಇನ್ನೊಂದು ತಳದಲ್ಲಿ ಬಿಳಿಯ ಗಸಿಯೊಂದಿಗೆ ಇರುವ ಚಿತ್ರ ದೊರೆತರೆ ಕಳುಹಿಸಿ.

ಇಂತು,
ಸಂಪಾದಕ