ಓದುಗರ ಪ್ರಶ್ನೋತ್ತರ: ತೆರೆದ ವಾಹನವನ್ನು ಒಳಗಿನಿಂದ ಕಟ್ಟಬೇಕು

ಪ್ರಶ್ನೆ: ಇದುವರೆಗೆ ಟ್ಯಾಂಕುಗಳ ಮಾದರಿಗಳನ್ನಷ್ಟೇ ಜೋಡಿಸಿದ್ದೇನೆ. ಎಲ್ಲ ಭಾಗಗಳನ್ನೂ ಅಂಟಿಸಿ ಮುಗಿಸಿದ ಮೇಲೆಯೇ ಬಣ್ಣ ಹಚ್ಚುವುದು ನನ್ನ ರೂಢಿ. ಈಗ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಹಾಫ್‌ಟ್ರ್ಯಾಕ್ (ಮುಂದೆ ಗಾಲಿ, ಹಿಂದೆ ಟ್ಯಾಂಕಿನಂತೆ ಟ್ರ್ಯಾಕ್ ಇರುವ ವಾಹನ) ಎಸ್‌ಡಿಕೆಎಫ್‌ಜೆಡ್ 251ರ ಕಿಟ್ ಕೈಸೇರಿದೆ, 1/35 ಪ್ರಮಾಣದ್ದು. ಇದಕ್ಕೂ ಅದೇ ಕ್ರಮ ಸಾಕೇ?

ಉತ್ತರ: ಸಾಲದು. ಟ್ಯಾಂಕ್ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಏನಿದೆ ಎಂದು ಯಾರೂ ಇಣುಕುವುದಿಲ್ಲ. 251 ಹಾಗಲ್ಲ. ಹನೊಮಾಗ್ ಸಂಸ್ಥೆ ಮೂರು ಟನ್ ವರ್ಗದ ಎಳೆಬಂಡಿಯ ಚಾಸಿಯ ಮೇಲೆ ರೂಪಿಸಿದ, 1939ರಲ್ಲಿ ಸೇನೆಗೆ ಸೇರಿದ ಈ ವಾಹನ ಇಬ್ಬರು ಚಾಲಕ ಸಿಬ್ಬಂದಿಯನ್ನೂ ಹತ್ತು ಮಂದಿ ಪದಾತಿ ಸೈನಿಕರನ್ನೂ ಹೊತ್ತೊಯ್ಯಲೆಂದು ಮಾಡಿದ್ದು; ಸೈನಿಕರು ಕೂರುವ ಭಾಗಕ್ಕೆ ಚಾವಣಿಯೇ ಇಲ್ಲ. ಮಾದರಿಯನ್ನು ಕಪಾಟಿನಲ್ಲಿಟ್ಟಾಗ ನೋಡುವವರ ಕಣ್ಣು ಮೊದಲು ಬೀಳುವುದು ಹೊರಗಿನ ಕವಚದ ಮೇಲಲ್ಲ, ಒಳಗಿನ ಬೆಂಚು, ಬಂದೂಕು, ನೆಲದ ಮೇಲೆ. ಆದ್ದರಿಂದ ಇದನ್ನು ಒಳಗಿನಿಂದ ಹೊರಕ್ಕೆ ಕಟ್ಟಬೇಕು, ಬಣ್ಣವನ್ನೂ ಅದೇ ಕ್ರಮದಲ್ಲಿ ಹಚ್ಚಬೇಕು.

ನಿಜವಾದ ವಾಹನ 5.8 ಮೀಟರ್ ಉದ್ದ, 2.1 ಮೀಟರ್ ಅಗಲ, 1.75 ಮೀಟರ್ ಎತ್ತರ ಇತ್ತು. 1/35 ಪ್ರಮಾಣದಲ್ಲಿ ಇದು ಸುಮಾರು ಹದಿನಾರೂವರೆ ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರಕ್ಕೆ ಇಳಿಯುತ್ತದೆ. ಅಷ್ಟು ಕಿರಿದಾದ ತೊಟ್ಟಿಯೊಳಗೆ ಕುಂಚ ಆಡುವುದೇ ಕಷ್ಟ. ಅದರ ಮೇಲೆ ಗೋಡೆಗಳ ಆಕಾರ ಬೇರೆ. ಪಕ್ಕದ ಗೋಡೆ ಕೆಳಗಿನಿಂದ ಅರ್ಧದವರೆಗೆ ಹೊರಕ್ಕೆ ವಾಲಿ, ಅಲ್ಲಿಂದ ಮೇಲೆ ಒಳಕ್ಕೆ ಬಾಗುತ್ತದೆ. ಹೀಗಾಗಿ ಮೇಲಿನ ಗೋಡೆಯ ಒಳಮುಖ ನೆಲವನ್ನು ನೋಡುತ್ತಿರುತ್ತದೆ. ಮೇಲಿನ ಕವಚವನ್ನು ಒಮ್ಮೆ ಅಂಟಿಸಿಬಿಟ್ಟರೆ ಆ ಮುಖಕ್ಕೆ ಏರ್‌ಬ್ರಷ್‌ನ ಗಾಳಿಯೂ ಸರಿಯಾಗಿ ತಲಪುವುದಿಲ್ಲ.

ಕೆಲಸವನ್ನು ಮೂರು ತುಂಡಾಗಿ ಇಟ್ಟುಕೊಳ್ಳಿ: ನೆಲ ಮತ್ತು ಬೆಂಚುಗಳಿರುವ ಕೆಳಭಾಗ ಒಂದು, ಮೇಲಿನ ಕವಚ ಒಂದು, ಚಕ್ರಗಳೂ ಟ್ರ್ಯಾಕುಗಳೂ ಸೇರಿ ಒಂದು. ಮೊದಲೆರಡನ್ನು ಬೇರೆಬೇರೆಯಾಗಿಯೇ ಬಣ್ಣ ಹಚ್ಚಿ, ವಾಶ್ (ಸಂದುಗಳಲ್ಲಿ ಇಳಿದು ನಿಲ್ಲುವ ನೀರಾದ ಗಾಢ ಬಣ್ಣ) ಕೊಟ್ಟು, ಬೂಟುಗಳಿಂದ ಸವೆದ ನೆಲವನ್ನೂ ತೋರಿಸಿ ಆಮೇಲೆ ಕೂಡಿಸಿ. ಅಂಟು ತಾಗುವ ಅಂಚುಗಳಿಗೆ ಮಾತ್ರ ಬಣ್ಣ ಬೀಳದಂತೆ ಮಾಸ್ಕಿಂಗ್ ಟೇಪ್ ಅಂಟಿಸಿರಿ. ತೆಳುವಾದ ದ್ರವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು. ನಡುವೆ ಬಣ್ಣದ ಪದರ ಇದ್ದರೆ ಬೆಸುಗೆ ಹಿಡಿಯದು.

ಬಣ್ಣಕ್ಕೆ ಮುನ್ನ ಪಕ್ಕದ ಗೋಡೆಗಳ ಒಳಮುಖವನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಚ್ಚಿನಿಂದ ಭಾಗವನ್ನು ತಳ್ಳುವ ಪಿನ್ನುಗಳು ಬಿಟ್ಟ ವೃತ್ತಾಕಾರದ ಗುಂಡಿಗಳು ಅಲ್ಲಿ ಕಾಣಬಹುದು. ಅವನ್ನು ಪುಟ್ಟಿಯಿಂದ ತುಂಬಿ ಉಜ್ಜಬೇಕು, ಆದರೆ ಎಲ್ಲವನ್ನೂ ಅಲ್ಲ. ನನ್ನ ಮೊದಲ 251ರಲ್ಲಿ ಎರಡು ಸಂಜೆ ಕುಳಿತು ಹನ್ನೆರಡು ಗುಂಡಿಗಳನ್ನು ತುಂಬಿ ನಯಗೊಳಿಸಿದ್ದೆ. ಬೆಂಚಿನ ಒರಗುಹಲಗೆ ಮತ್ತು ಬಂದೂಕಿನ ಚೌಕಟ್ಟುಗಳನ್ನು ಕೂರಿಸಿದ ಮೇಲೆ ಅವುಗಳಲ್ಲಿ ಒಂಬತ್ತು ಮರೆಯಾದವು. ಅಂದಿನಿಂದ ಅಂಟಿಲ್ಲದೆ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡದೆ ಪುಟ್ಟಿಯ ಡಬ್ಬಿಯನ್ನು ತೆರೆಯುತ್ತಿಲ್ಲ.

ಇನ್ನೊಂದು ವಿಷಯವನ್ನು ಸೂಚನಾಪತ್ರಗಳು ಹೇಳುವುದಿಲ್ಲ. ಈ ವಾಹನದ ಪಕ್ಕದ ಉಕ್ಕಿನ ತಗಡು 8 ಮಿಲಿಮೀಟರ್ ದಪ್ಪ; ಎದುರಿನದು ಸಹ 14.5 ಮಿಲಿಮೀಟರ್ ಮಾತ್ರ. ನಮ್ಮ ಪ್ರಮಾಣದಲ್ಲಿ 8 ಮಿಲಿಮೀಟರ್ ಎಂದರೆ ಕಾಲು ಮಿಲಿಮೀಟರಿಗೂ ಕಡಿಮೆ. ಕಿಟ್‌ನ ಪ್ಲಾಸ್ಟಿಕ್ ಗೋಡೆ ಒಂದು ಮಿಲಿಮೀಟರ್ ಇದ್ದರೆ, ಅದು 35 ಮಿಲಿಮೀಟರ್ ಕವಚದಂತೆ, ಅಂದರೆ ಟ್ಯಾಂಕಿನ ಗೋಡೆಯಂತೆ ಕಾಣುತ್ತದೆ. ಇಡೀ ಗೋಡೆಯನ್ನು ತೆಳುಗೊಳಿಸುವ ಅಗತ್ಯವಿಲ್ಲ. ಮೇಲಂಚಿನ ಒಳಬದಿಯನ್ನು ಹರಿತವಾದ ಬ್ಲೇಡನ್ನು ನಿಲ್ಲಿಸಿ ಹಿಡಿದು, ಕೊಯ್ಯದೆ, ಇಳಿಜಾರಾಗಿ ಕೆರೆದರೆ ಕಣ್ಣಿಗೆ ಕಾಣುವ ಅಂಚು ತೆಳುವಾಗುತ್ತದೆ. ಹಿಂಬಾಗಿಲುಗಳನ್ನು ತೆರೆದಿಡುವುದಾದರೆ ಅವುಗಳ ಅಂಚಿಗೂ ಇದನ್ನೇ ಮಾಡಿ. ಅರ್ಧ ಗಂಟೆಯ ಈ ಕೆಲಸ ಮಾದರಿಯ ರೂಪವನ್ನು ಬದಲಿಸುವಷ್ಟನ್ನು ದುಬಾರಿ ಲೋಹದ ಬಿಡಿಭಾಗಗಳು ಬದಲಿಸುವುದಿಲ್ಲವೆಂಬುದು ನನ್ನ ಅನುಭವ.

ಪ್ರಶ್ನೆ: ಸೂಚನಾಪತ್ರದಲ್ಲಿ ಸ್ಟೀರಿಂಗ್ ಚಕ್ರವನ್ನು ತಲೆಕೆಳಗಾಗಿ ತೋರಿಸಿದ್ದಾರೆ. ಅದರ ಮೇಲಂಚು ಚಾಲಕನ ಕಡೆಗೆ ಬಾಗಿದೆ. ಮುದ್ರಣದೋಷವೇ?

ಉತ್ತರ: ದೋಷವಲ್ಲ, ಹಾಗೆಯೇ ಅಂಟಿಸಿ. ಚಾಲಕನ ಎದುರಿನ ಕವಚ ಓರೆಯಾಗಿ ಅವನತ್ತ ವಾಲಿರುವುದರಿಂದ, ಆ ಇಕ್ಕಟ್ಟಿನಲ್ಲಿ ಚಕ್ರವನ್ನೂ ಅದೇ ಓರೆಗೆ ಹೊಂದಿಸಿ ಕೂರಿಸಿದ್ದರು. ಅಂದಹಾಗೆ, ಈ ವಾಹನದ ಮುಂದಿನ ಎರಡು ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುತ್ತಿರಲಿಲ್ಲ. ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿದರೆ ಮುಂದಿನ ಗಾಲಿಗಳಷ್ಟೇ ತಿರುಗುತ್ತಿದ್ದವು. ಇನ್ನೂ ಹೆಚ್ಚು ತಿರುಗಿಸಿದರೆ ಒಳಬದಿಯ ಟ್ರ್ಯಾಕಿಗೂ ಬ್ರೇಕ್ ಬಿದ್ದು ವಾಹನ ಬಿಗಿಯಾಗಿ ಹೊರಳುತ್ತಿತ್ತು. ಮುಂದಿನ ಗಾಲಿಗಳನ್ನು ತುಸು ತಿರುಗಿಸಿ ಅಂಟಿಸಿದರೆ ಮಾದರಿಗೆ ಜೀವ ಬರುತ್ತದೆ.

ಪ್ರಶ್ನೆ: ನನ್ನ ಕಿಟ್‌ನ ಪೆಟ್ಟಿಗೆಯ ಮೇಲೆ ‘ಔಸ್ಫ್ ಡಿ’, ಅಂದರೆ ಡಿ ಆವೃತ್ತಿ, ಎಂದಿದೆ. ಇದನ್ನು 1940ರ ಫ್ರಾನ್ಸ್ ಕದನದ ಬೂದು ಬಣ್ಣದಲ್ಲಿ ಮಾಡಬೇಕೆಂಬ ಆಸೆ. ಒಳಭಾಗಕ್ಕೆ ಟ್ಯಾಂಕಿನ ಹಾಗೆ ದಂತದ ಬಣ್ಣ ಹಚ್ಚಬೇಕೇ?

ಉತ್ತರ: ಎರಡಕ್ಕೂ ಬೇಡವೆಂದೇ ಹೇಳಬೇಕಾಗಿದೆ. 251 ಎ, ಬಿ, ಸಿ, ಡಿ ಎಂಬ ನಾಲ್ಕು ಆವೃತ್ತಿಗಳಲ್ಲಿ ತಯಾರಾಯಿತು. ಡಿ ಬಂದದ್ದು 1943ರ ಸೆಪ್ಟೆಂಬರಿನಲ್ಲಿ. ಯುದ್ಧದ ಒತ್ತಡದಲ್ಲಿ ಬೇಗ ಬೇಗ ತಯಾರಿಸಲೆಂದು ಅದರ ರಚನೆಯನ್ನು ಸರಳಗೊಳಿಸಿದ್ದರು: ಹಿಂದಿನ ಆವೃತ್ತಿಗಳಲ್ಲಿ ಮುರಿದು ಕೂಡಿಸಿದಂತಿದ್ದ ಹಿಂಗೋಡೆಯ ಜಾಗದಲ್ಲಿ ಒಂದೇ ಇಳಿಜಾರು ತಗಡು ಬಂತು, ಬಾಗಿಲುಗಳು ಸಪಾಟಾದವು, ಪಕ್ಕದ ಸಾಮಾನಿನ ಪೆಟ್ಟಿಗೆಗಳು ಮೈಯಲ್ಲೇ ಸೇರಿಹೋದವು. ಆದ್ದರಿಂದ 1940ರ ವಾಹನ ಬೇಕೆಂದರೆ ಬೇರೆ ಕಿಟ್ಟನ್ನೇ ಕೊಳ್ಳಬೇಕು.

ಬಣ್ಣದ ಲೆಕ್ಕವೂ ಇದಕ್ಕೆ ಹೊಂದಿಕೊಂಡಿದೆ. ಜರ್ಮನ್ ಸೇನೆಯ ಗಾಢ ಬೂದು, ಅಂದರೆ ಜರ್ಮನ್ ಬಣ್ಣಪಟ್ಟಿಯ ಆರ್‌ಎಎಲ್ 7021, ಮೂಲ ಬಣ್ಣವಾಗಿದ್ದದ್ದು 1943ರ ಫೆಬ್ರವರಿಯವರೆಗೆ. ಆ ತಿಂಗಳಿನ ಆದೇಶದಿಂದ ಮೂಲ ಬಣ್ಣ ಗಾಢ ಹಳದಿಯಾಯಿತು. ಮರೆಬಣ್ಣಕ್ಕಾಗಿ ಆಲಿವ್ ಹಸಿರನ್ನೂ ಕೆಂಗಂದನ್ನೂ ದಳಗಳಿಗೆ ಮುದ್ದೆಯ ರೂಪದಲ್ಲಿ ಕಳುಹಿಸುತ್ತಿದ್ದರು. ಸಿಬ್ಬಂದಿ ಅದನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿ, ಸಿಂಪಡಿಸಿ ಅಥವಾ ಕುಂಚದಿಂದ ಬಳಿದುಕೊಳ್ಳುತ್ತಿದ್ದರು. ಒಂದೇ ದಳದ ಎರಡು ವಾಹನಗಳ ಪಟ್ಟೆಗಳು ಒಂದರಂತೆ ಇನ್ನೊಂದು ಇರದಿದ್ದುದಕ್ಕೆ ಇದೂ ಕಾರಣ. ನಿಮ್ಮ ಕೈ ಅಷ್ಟಿಷ್ಟು ನಡುಗಿದರೆ ಇತಿಹಾಸಕ್ಕೆ ಅಪಚಾರವೇನೂ ಆಗದು.

ದಂತದ ಬಣ್ಣ ಮುಚ್ಚಿದ ಟ್ಯಾಂಕುಗಳ ಒಳಗೆ ಬೆಳಕು ಪ್ರತಿಫಲಿಸಲೆಂದು ಬಳಸಿದ್ದು. ಮೇಲೆ ತೆರೆದ ವಾಹನದಲ್ಲಿ ಅದನ್ನು ಹಚ್ಚಿದರೆ ಆಕಾಶದಿಂದ ನೋಡುವ ಶತ್ರುವಿಗೆ ಎದ್ದು ಕಾಣುತ್ತಿತ್ತು. ಹಾಗಾಗಿ ಒಳಭಾಗಕ್ಕೂ ಹೊರಗಿನ ಮೂಲ ಬಣ್ಣವನ್ನೇ ಹಚ್ಚುತ್ತಿದ್ದರು. ನಿಮ್ಮ ಡಿ ಆವೃತ್ತಿಗೆ ಅದು ಗಾಢ ಹಳದಿ.

ಆಧಾರಕ್ಕಾಗಿ ಚಿತ್ರಗಳನ್ನು ನೋಡುವಾಗ ಎಚ್ಚರವಿರಲಿ. ಯುದ್ಧದ ನಂತರ ಚೆಕೊಸ್ಲೊವಾಕಿಯಾ ಇದೇ ವಿನ್ಯಾಸವನ್ನು ಆಧರಿಸಿ, ಗಾಳಿಯಿಂದ ತಂಪಾಗುವ ಟಾಟ್ರಾ ಡೀಸೆಲ್ ಎಂಜಿನ್ ಕೂರಿಸಿ, ಓಟಿ-810 ಎಂಬ ವಾಹನವನ್ನು ತಯಾರಿಸಿತು. ಸೈನಿಕರ ಭಾಗಕ್ಕೆ ಚಾವಣಿ ಬಂದದ್ದು ಅದರಲ್ಲಿ. ಚಾವಣಿ ಕತ್ತರಿಸಿ, ಜರ್ಮನ್ ಬಣ್ಣ ಬಳಿದು 251ರ ವೇಷ ಹಾಕಿಸಿದ ಅಂತಹ ವಾಹನಗಳು ಚಲನಚಿತ್ರಗಳಲ್ಲೂ ಯುದ್ಧದ ಮರುಪ್ರದರ್ಶನಗಳಲ್ಲೂ ಓಡಾಡುತ್ತವೆ. ಬಣ್ಣದ ಛಾಯಾಚಿತ್ರ ಸೊಗಸಾಗಿದೆಯೆಂದು ಅದನ್ನು ನಂಬಿ ಎಂಜಿನ್ನಿನ ಮುಚ್ಚಳವನ್ನು ತಿದ್ದಲು ಹೋಗಬೇಡಿ.

ಪ್ರಶ್ನೆ: ಒಂದರ ಮೇಲೊಂದು ಹೊದ್ದಂತಿರುವ ಚಕ್ರಗಳಿಗೆ ಬಣ್ಣ ಹಚ್ಚುವುದು ಹೇಗೆ? ಟ್ರ್ಯಾಕುಗಳಿಗೆ ಉಕ್ಕಿನ ಹೊಳಪು ಕೊಡಬೇಕೇ?

ಉತ್ತರ: ಈ ಚಕ್ರಗಳು ನಿಜವಾದ ಸೈನಿಕರಿಗೂ ತಲೆನೋವಾಗಿದ್ದವು. ಭಾರ ಸಮನಾಗಿ ಹಂಚಿಹೋಗಿ ಸವಾರಿ ಹಿತವಾಗಿತ್ತು, ನಿಜ. ಆದರೆ ಕೆಸರು ಚಕ್ರಗಳ ನಡುವೆ ಕಿಕ್ಕಿರಿಯುತ್ತಿತ್ತು, ಒಳಗಿನ ಒಂದು ಚಕ್ರ ಕೆಟ್ಟರೆ ಹೊರಗಿನವನ್ನು ಕಳಚಬೇಕಾಗುತ್ತಿತ್ತು. ಮಾದರಿಯಲ್ಲೂ ಆ ಕ್ರಮವೇ ದಾರಿ ತೋರಿಸುತ್ತದೆ. ಪ್ರತಿ ಚಕ್ರವನ್ನೂ ಹಲ್ಲುಕಡ್ಡಿಯ ತುದಿಗೆ ಸಿಕ್ಕಿಸಿ ಮೂಲ ಬಣ್ಣ ಹಚ್ಚಿ. ಒಣಗಿದ ಮೇಲೆ ಕುಂಚವನ್ನು ಅಲುಗಾಡದಂತೆ ಹಿಡಿದು, ಕಡ್ಡಿಯನ್ನು ಬೆರಳುಗಳ ನಡುವೆ ಉರುಳಿಸುತ್ತಾ ರಬ್ಬರಿನ ಅಂಚನ್ನು ಮುಟ್ಟಿಸಿದರೆ ಗೆರೆ ದುಂಡಗೆ ಬರುತ್ತದೆ. ರಬ್ಬರಿಗೆ ಅಚ್ಚ ಕಪ್ಪು ಬೇಡ, ಧೂಳು ಹಿಡಿದ ಗಾಢ ಬೂದು ಸಾಕು. ಒಳಸಾಲಿನ ಚಕ್ರಗಳಿಗೆ ಕೆಸರು, ಧೂಳನ್ನೂ ಹಚ್ಚಿ ಮುಗಿಸಿದ ಮೇಲೆಯೇ ಹೊರಸಾಲನ್ನು ಕೂರಿಸಿ.

ಟ್ರ್ಯಾಕಿನ ವಿಷಯದಲ್ಲಿ ಟ್ಯಾಂಕಿನ ಅಭ್ಯಾಸವನ್ನು ಮರೆಯಬೇಕು. 251ರ ಪ್ರತಿ ಕೊಂಡಿಯ ಹೊರಮುಖಕ್ಕೂ ಒಂದು ರಬ್ಬರ್ ಪಟ್ಟಿ ಇತ್ತು. ನೆಲಕ್ಕೆ ತಾಗುತ್ತಿದ್ದದ್ದು ಉಕ್ಕಲ್ಲ, ಆ ರಬ್ಬರು. ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಲೋಹವರ್ಣವನ್ನು ಉಜ್ಜಿದರೆ ತಪ್ಪಾಗುತ್ತದೆ. ಕೊಂಡಿಗಳ ಲೋಹದ ಭಾಗ ಗಾಢ ಕಂದು, ಪಟ್ಟಿ ಬೂದುಗಪ್ಪು, ಒಳಬದಿಯಲ್ಲಿ ಉಜ್ಜಾಟಕ್ಕೆ ಸಿಗುವ ಕಡೆ ಮಾತ್ರ ಪೆನ್ಸಿಲಿನ ಸೀಸದ ಮಂಕು ಹೊಳಪು. ಮುಂದಿನ ಚಾಲಕ ಚಕ್ರದ ಸುತ್ತ ಸಾಮಾನ್ಯ ಹಲ್ಲುಗಳ ಬದಲು ಉರುಳುಗಳಿರುವುದನ್ನೂ ಗಮನಿಸಿ, ಅವು ಬರಿ ಲೋಹದಂತೆ ಕಂಡರೆ ಚೆನ್ನ.

ಕಿಟ್‌ನಲ್ಲಿ ಬಿಡಿ ಕೊಂಡಿಗಳಿದ್ದರೆ ಅವನ್ನು ಸಮತಟ್ಟಾದ ಹಲಗೆಯ ಮೇಲೆ ಸಾಲಾಗಿ ಜೋಡಿಸಿ ದ್ರವ ಅಂಟು ತಾಗಿಸಿ. ಅಂಟು ಪೂರ್ತಿ ಗಟ್ಟಿಯಾಗುವ ಮುನ್ನ, ಸಾಲು ಇನ್ನೂ ಬಳುಕುತ್ತಿರುವಾಗಲೇ ಚಕ್ರಗಳ ಸುತ್ತ ಹೊದಿಸಿ, ಮೇಲಿನ ಭಾಗ ಚಕ್ರಗಳ ತಲೆಯ ಮೇಲೆ ಒರಗುವಂತೆ ಹತ್ತಿಯಿಂದ ಮೆಲ್ಲಗೆ ಒತ್ತಿಡಿ. ಹಳೆಯ ಕಿಟ್‌ಗಳ ಮೆತ್ತನೆಯ ವಿನೈಲ್ ಟ್ರ್ಯಾಕ್ ಆಗಿದ್ದರೆ ಈ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಕೆಲವು ವಿನೈಲ್‌ಗಳಿಂದ ಒಸರುವ ರಾಸಾಯನಿಕ ವರ್ಷಗಳ ನಂತರ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸಿಬಿಡುವುದುಂಟು. ತಾಗುವ ಜಾಗಕ್ಕೆ ಬಣ್ಣದ ದಪ್ಪ ಪದರ ಇರಲಿ.

ಪ್ರಶ್ನೆ: ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರ) ಒಣಗಿದ ಮೇಲೆ ಅದರ ಸುತ್ತ ಬೆಳ್ಳನೆಯ ಹೊಳಪು ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಹೊಳಪಿಲ್ಲದ ಮ್ಯಾಟ್ ಬಣ್ಣದ ಒರಟು ಮೈಗೆ ನೇರವಾಗಿ ಅಂಟಿಸಿದ್ದೀರಿ; ಡೆಕಾಲ್‌ನ ಕೆಳಗೆ ಸಿಕ್ಕಿಕೊಂಡ ಗಾಳಿ ಹಾಗೆ ಹೊಳೆಯುತ್ತದೆ. ಮೊದಲು ಹೊಳಪಿನ ವಾರ್ನಿಶ್ ಹಚ್ಚಿ ಒಣಗಿಸಿ, ಆಮೇಲೆ ಡೆಕಾಲ್, ಅದರ ಮೇಲೆ ಮೆದುಗೊಳಿಸುವ ದ್ರಾವಣ, ಮರುದಿನ ಮ್ಯಾಟ್ ವಾರ್ನಿಶ್. ಈಗಾಗಲೇ ಬೆಳ್ಳಗಾಗಿರುವುದನ್ನು ಕೀಳಬೇಡಿ. ಸೂಜಿಯ ಮೊನೆಯಿಂದ ನಾಲ್ಕಾರು ಕಡೆ ಚುಚ್ಚಿ ಅದೇ ದ್ರಾವಣವನ್ನು ಒಂದು ಹನಿ ಬಿಡಿ. ಗಾಳಿ ಹೊರಬಿದ್ದು ಬಹುಪಾಲು ಕೂತುಕೊಳ್ಳುತ್ತದೆ.