ಮನೆಗೆ ಬೆಂಕಿ ಬಿದ್ದು ಬೀರುವಿನಲ್ಲಿದ್ದ ಕ್ರಯಪತ್ರ, ನಗದು ಸುಟ್ಟರೆ ಏನು ಮಾಡಬೇಕು?

ಬೀರು ಪೂರ್ತಿ ತಣ್ಣಗಾಗುವ ತನಕ ತೆರೆಯಬೇಡಿ. ಒಳಗೆ ಕಾದಿರುವ ಕಾಗದಕ್ಕೆ ಗಾಳಿ ತಾಗಿದರೆ ಆಗಲೇ ಹೊತ್ತಿಕೊಳ್ಳಬಹುದು. ನೀರಿಗೆ ತೊಯ್ದು ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸಲು ಹೋಗಬೇಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರ್‌ಗೆ ಹಾಕಿ, ನೆರೆಮನೆಯದಾದರೂ ಸರಿ. ಬೂಷ್ಟು ಹಿಡಿಯುವುದಿಲ್ಲ, ನಿಧಾನವಾಗಿ ಒಣಗಿಸಲು ಸಮಯ ಸಿಗುತ್ತದೆ.

ಕ್ರಯಪತ್ರ ಸುಟ್ಟಿತೆಂದು ಆಸ್ತಿ ಕೈಬಿಡುವುದಿಲ್ಲ. ನೋಂದಣಿಯಾದ ಪತ್ರದ ದಾಖಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇರುತ್ತದೆ. ದೃಢೀಕೃತ ಪ್ರತಿಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೂ ಅರ್ಜಿ ಹಾಕಬಹುದು.

ಕರಕಲಾದ ನೋಟುಗಳನ್ನು ಬ್ಯಾಂಕ್ ಶಾಖೆಗಳು ತೆಗೆದುಕೊಳ್ಳುವುದಿಲ್ಲ. ಕಟ್ಟು ಬಿಚ್ಚದೆ, ಪುಡಿಯಾಗದಂತೆ ಡಬ್ಬಿಯಲ್ಲಿಟ್ಟು ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೇ ಒಯ್ಯಬೇಕು. 50 ರೂಪಾಯಿ ಮತ್ತು ಮೇಲ್ಪಟ್ಟ ನೋಟಿನ ಶೇ 80ಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಪೂರ್ತಿ ಹಣ, ಶೇ 40ರಿಂದ 80ರವರೆಗೆ ಇದ್ದರೆ ಅರ್ಧ.